ವಿಮಾನಕ್ಕೆ ದಾರಿ ತೋರಿಸುವ ಅಲೆಗಳಿಗೂ ಊರಿನಲ್ಲಿ ಜಾಗ ಬೇಕು

ಮಾನ್ಯ ಸಂಪಾದಕರಿಗೆ,

ಮುಂಗಾರು ಹಿಡಿದು ಹುಬ್ಬಳ್ಳಿ–ಧಾರವಾಡದ ಮೇಲೆ ಮೋಡ ಕೆಳಗಿಳಿದು ಕೂತ ದಿನಗಳಲ್ಲಿ, ದೂರದಿಂದ ಬಂದ ವಿಮಾನ ನಮ್ಮ ನೆತ್ತಿಯ ಮೇಲೆ ನಾಲ್ಕು ಸುತ್ತು ಹಾಕಿ, ಇಳಿಯದೆ ಬೇರೆ ಊರಿಗೆ ಹೋಯಿತೆಂಬ ಸುದ್ದಿ ಆಗಾಗ ಬರುತ್ತದೆ. ಅದರ ಬೆನ್ನಿಗೇ ಪೈಲಟ್, ಕಂಪನಿ, ನಿಲ್ದಾಣ ಎಲ್ಲವನ್ನೂ ಒಟ್ಟಿಗೆ ಬೈಯುವ ಮಾತುಗಳೂ ಬರುತ್ತವೆ. ‘ಇಷ್ಟು ಹತ್ತಿರ ಬಂದವರಿಗೆ ಇಳಿಯಲು ಏನು ಧಾಡಿ’ ಎಂಬುದು ಅವುಗಳ ಸಾರಾಂಶ. ಇಲ್ಲಿನ ಡಿಪ್ಲೊಮಾ ಕಾಲೇಜೊಂದರಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸಿ ನಿವೃತ್ತನಾದ ನನಗೆ ಈ ಸಿಟ್ಟು ಅರ್ಥವಾಗುತ್ತದೆಯಾದರೂ ಅದು ತಪ್ಪು ವಿಳಾಸಕ್ಕೆ ಹೋಗುತ್ತಿದೆ ಎಂದು ಅನಿಸುತ್ತದೆ. ಮೋಡದೊಳಗಿನ ವಿಮಾನ ಇಳಿಯುವುದು ನೆಲದಿಂದ ಹೊರಡುವ ರೇಡಿಯೊ ಅಲೆಗಳನ್ನು ನಂಬಿ. ಆ ಅಲೆಗಳು ಎಷ್ಟು ಶುದ್ಧವಾಗಿ ಉಳಿಯುತ್ತವೆ ಎಂಬುದು ನಿಲ್ದಾಣದ ಕಾಂಪೌಂಡಿನ ಹೊರಗೆ ನಾವು ಏನು ಕಟ್ಟುತ್ತೇವೆ, ಏನು ಪ್ರಸಾರ ಮಾಡುತ್ತೇವೆ ಎಂಬುದರ ಮೇಲೂ ನಿಂತಿದೆ. ಈ ವಿಷಯ ನಮ್ಮ ಪಾಲಿಕೆಯ, ನಗರಾಭಿವೃದ್ಧಿ ಪ್ರಾಧಿಕಾರದ ಮತ್ತು ಜನಪ್ರತಿನಿಧಿಗಳ ಗಮನಕ್ಕೆ ಬರಬೇಕಾದಷ್ಟು ಬಂದಿಲ್ಲವೆಂಬುದೇ ಈ ಪತ್ರದ ಕಾರಣ.

ಗೋಕುಲ ರಸ್ತೆಯ ನಮ್ಮ ನಿಲ್ದಾಣದ ಬಗ್ಗೆ ನಾವು ಮಾತನಾಡುವುದೆಲ್ಲ ಕಣ್ಣಿಗೆ ಕಾಣುವ ಸಂಗತಿಗಳನ್ನೇ. 2017ರ ಡಿಸೆಂಬರ್ 12ರಂದು ಮೇಲ್ದರ್ಜೆಗೇರಿದ ನಿಲ್ದಾಣ ಉದ್ಘಾಟನೆಯಾದಾಗ ರನ್‌ವೇ 2,600 ಮೀಟರ್ ಉದ್ದವಾಯಿತೆಂದು ಸಂಭ್ರಮಿಸಿದೆವು. 2024ರ ಮಾರ್ಚ್ 10ರಂದು ಹೊಸ ಟರ್ಮಿನಲ್‌ಗೆ ಅಡಿಗಲ್ಲು ಬಿದ್ದಾಗ ಮತ್ತೆ ಸಂಭ್ರಮಿಸಿದೆವು. ಯಾವ ಊರಿಗೆ ಹೊಸ ವಿಮಾನ, ಯಾವುದು ನಿಂತಿತು ಎಂಬ ಚರ್ಚೆಯಂತೂ ನಿಲ್ಲುವುದೇ ಇಲ್ಲ. ಆದರೆ ರನ್‌ವೇ ತುದಿಯಾಚೆ ಸಾಲಾಗಿ ನಿಂತು ವಿಮಾನವನ್ನು ಒಳಗೆ ಕರೆತರುವ ಆಂಟೆನಾಗಳ ಬಗ್ಗೆ ಯಾವ ಸಭೆಯಲ್ಲೂ ಯಾರೂ ಪ್ರಶ್ನೆ ಕೇಳಿದ್ದನ್ನು ನಾನು ಓದಿಲ್ಲ.

ಮೋಡದಲ್ಲೂ ವಿಮಾನಕ್ಕೆ ಇಳಿಯುವ ದಾರಿ ತೋರಿಸುವ, ಐಎಲ್‌ಎಸ್ ಎಂದು ಪತ್ರಿಕೆಗಳಲ್ಲಿ ಆಗಾಗ ಬರುವ ಉಪಕರಣ ಹೇಗೆ ಕೆಲಸ ಮಾಡುತ್ತದೆಂದು ಸ್ವಲ್ಪ ವಿವರಿಸದೆ ಮುಂದಿನ ಮಾತು ಹೇಳಲಾಗದು. ಇದರಲ್ಲಿ ಎರಡು ಭಾಗಗಳಿವೆ. ಮೊದಲನೆಯದು ಲೋಕಲೈಸರ್, ವಿಮಾನ ಇಳಿಯುವ ತುದಿಯಲ್ಲಲ್ಲ, ರನ್‌ವೇಯ ಎದುರು ತುದಿಯನ್ನು ದಾಟಿದ ಬಯಲಿನಲ್ಲಿ, ಅಡ್ಡಡ್ಡವಾಗಿ ಬೇಲಿಯಂತೆ ನಿಲ್ಲಿಸಿದ ಆಂಟೆನಾಗಳ ಸಾಲು ಇದು. ಸುಮಾರು 108ರಿಂದ 112 ಮೆಗಾಹರ್ಟ್ಸ್ ನಡುವಿನ ಒಂದು ಕಂಪನಾಂಕದಲ್ಲಿ ಇದು ಎರಡು ನಾದಗಳನ್ನು ಹೊತ್ತ ಅಲೆಯನ್ನು ಕಳಿಸುತ್ತದೆ. ಇಳಿಯಲು ಬರುತ್ತಿರುವವನ ಎಡಗಡೆಗೆ 90 ಹರ್ಟ್ಸ್‌ನ ನಾದ ಜೋರಾಗಿರುತ್ತದೆ, ಬಲಗಡೆಗೆ 150 ಹರ್ಟ್ಸ್‌ನದು. ಎರಡೂ ಸಮವಾಗಿ ಕೇಳಿಸುವ ಗೆರೆಯೇ ರನ್‌ವೇಯ ನಡುಗೆರೆ. ಕಾಕ್‌ಪಿಟ್ಟಿನ ರಿಸೀವರ್ ಎರಡನ್ನೂ ಹೋಲಿಸಿ ಮುಳ್ಳನ್ನು ಎಡಕ್ಕೋ ಬಲಕ್ಕೋ ವಾಲಿಸುತ್ತದೆ, ಪೈಲಟ್ ಮುಳ್ಳನ್ನು ಮಧ್ಯಕ್ಕೆ ತರುತ್ತಾನೆ. ಎರಡನೆಯ ಭಾಗ, ಇಳಿಯುವ ತುದಿಯ ಪಕ್ಕದಲ್ಲಿ ಕಂಬವೊಂದರ ಮೇಲೆ ಕೂತ ಗ್ಲೈಡ್ ಪಾತ್. 330 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಅದೇ ಎರಡು ನಾದಗಳನ್ನು ಮೇಲೆ–ಕೆಳಗೆ ಹಂಚಿ, ಸಾಮಾನ್ಯವಾಗಿ 3 ಡಿಗ್ರಿಯ ಇಳಿಜಾರನ್ನು ಗಾಳಿಯಲ್ಲಿ ಗುರುತಿಸಿಕೊಡುತ್ತದೆ.

ಈ ವ್ಯವಸ್ಥೆಯ ಮೊದಲ, ಅಂದರೆ ಸಾದಾ, ದರ್ಜೆಯಲ್ಲಿ ಪೈಲಟ್ ರನ್‌ವೇ ಮಟ್ಟದಿಂದ 200 ಅಡಿಗಳವರೆಗೆ, ಅಂದರೆ ಸುಮಾರು 60 ಮೀಟರ್‌ವರೆಗೆ, ಮುಳ್ಳನ್ನೇ ನಂಬಿ ಇಳಿಯಬಹುದು. ಅಷ್ಟರಲ್ಲಿ ರನ್‌ವೇಯ ದೀಪಗಳಾದರೂ ಕಾಣಬೇಕು. ಆ ಎತ್ತರದಿಂದ ರನ್‌ವೇ ಅಂಚಿಗೆ ಉಳಿಯುವುದು ಒಂದು ಕಿಲೋಮೀಟರ್‌ಗಿಂತ ಕಡಿಮೆ ದೂರ, ಹತ್ತು–ಹದಿನೈದು ಸೆಕೆಂಡುಗಳ ದಾರಿ. ಕಾಣದಿದ್ದರೆ ಎಂಜಿನ್‌ಗೆ ಪೂರ್ಣ ಶಕ್ತಿ ಕೊಟ್ಟು ಮೇಲೇರಲೇಬೇಕು. ‘ಇನ್ನೊಂದು ಸ್ವಲ್ಪ ಇಳಿದು ನೋಡೋಣ’ ಎನ್ನುವ ಸ್ವಾತಂತ್ರ್ಯ ಅವನಿಗಿಲ್ಲ. ಐಎಲ್‌ಎಸ್ ಇಲ್ಲದ ರನ್‌ವೇ ತುದಿಯಲ್ಲಿ, ಅಥವಾ ಇದ್ದೂ ಕೆಟ್ಟಿರುವ ದಿನ, ವಿಒಆರ್ ಎಂಬ ದಿಕ್ಕು ತೋರುವ ಕೇಂದ್ರವನ್ನೂ ಡಿಎಂಇ ಎಂಬ ದೂರ ಅಳೆಯುವ ಉಪಕರಣವನ್ನೂ ಆಧರಿಸಿ ಬರಬೇಕಾಗುತ್ತದೆ. ಆಗ ಇಳಿಜಾರಿನ ಸಂಕೇತ ಸಿಗದ ಕಾರಣ, ರನ್‌ವೇ ಕಾಣಲೇಬೇಕಾದ ಎತ್ತರ ಸಾಮಾನ್ಯವಾಗಿ ಎರಡು–ಮೂರು ಪಟ್ಟಾಗುತ್ತದೆ. ಮೋಡದ ತಳ 350 ಅಡಿಗೆ ಇಳಿದ ಒಂದೇ ಬೆಳಗ್ಗೆ, ಒಂದು ಊರಿನಲ್ಲಿ ವಿಮಾನ ಇಳಿಯಿತು, ಇನ್ನೊಂದರಲ್ಲಿ ಇಳಿಯಲಿಲ್ಲ ಎಂದರೆ ಪೈಲಟ್‌ನ ಧೈರ್ಯದಲ್ಲಿ ವ್ಯತ್ಯಾಸ ಹುಡುಕಬೇಕಾಗಿಲ್ಲ.

ಇವೆಲ್ಲಕ್ಕಿಂತ ಹಳೆಯದು ಎನ್‌ಡಿಬಿ, ಅಂದರೆ ಸುತ್ತಲೂ ಒಂದೇ ಸಮ ಅಲೆ ಚೆಲ್ಲುವ ಸಾದಾ ಕೇಂದ್ರ. ವಿಮಾನದೊಳಗಿನ ಅದರ ರಿಸೀವರ್ ಮೀಡಿಯಂ ವೇವ್ ಪ್ರಸಾರವನ್ನೂ ಹಿಡಿಯಬಲ್ಲದಾದ್ದರಿಂದ, 765 ಕಿಲೋಹರ್ಟ್ಸ್‌ನ ನಮ್ಮ ಧಾರವಾಡ ಆಕಾಶವಾಣಿಗೆ ಅದನ್ನು ಹೊಂದಿಸಿದರೆ ಮುಳ್ಳು ಆ ಪ್ರಸಾರ ಗೋಪುರದ ಕಡೆಗೇ ತಿರುಗುತ್ತದೆ ಎಂದು ಹೇಳಿದಾಗ ತರಗತಿಯಲ್ಲಿ ನಿದ್ದೆ ಹೋದವರೂ ಏಳುತ್ತಿದ್ದರು. ಗುಡುಗು–ಮಿಂಚಿದ್ದರೆ ಮುಳ್ಳು ಮಿಂಚಿನ ಕಡೆಗೂ ಹೊರಳುತ್ತದೆ. ಬೇಡವೆಂದ ಕಡೆಗೇ ಕೈ ತೋರಿಸುವ ಈ ಗುಣದಿಂದಲೇ ಎನ್‌ಡಿಬಿ ಹಿಂದೆ ಸರಿಯಿತು.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಲೋಕಲೈಸರ್‌ನ ಅಲೆ ರನ್‌ವೇಗಷ್ಟೇ ಸೀಮಿತವಲ್ಲ. ಹತ್ತಾರು ಕಿಲೋಮೀಟರ್ ದೂರದವರೆಗೆ ಹೊಲ, ಮನೆ, ಕಾರ್ಖಾನೆಗಳ ಮೇಲೆ ಹಾದು ಹೋಗುತ್ತದೆ. ದೊಡ್ಡ ತಗಡಿನ ಗೋಡೆಯ ಗೋದಾಮು, ಗಾಜು–ಅಲ್ಯೂಮಿನಿಯಂ ಹೊದಿಸಿದ ಎತ್ತರದ ಕಟ್ಟಡ, ಕಬ್ಬಿಣದ ಹೋರ್ಡಿಂಗ್ ಇವು ಅಲೆಯನ್ನು ಪ್ರತಿಫಲಿಸುತ್ತವೆ. ನೇರ ಬಂದ ಅಲೆಗೆ ತಡವಾಗಿ ಬಂದ ಪ್ರತಿಫಲನ ಬೆರೆತರೆ, ಖಾಲಿ ಕಲ್ಯಾಣಮಂಟಪದಲ್ಲಿ ಮೈಕಿನ ಮಾತು ಕಲಸಿಹೋದಂತೆ, ಎರಡು ನಾದಗಳ ಲೆಕ್ಕವೂ ಕಲಸುತ್ತದೆ. ನೇರವಾಗಿರಬೇಕಾದ ಗೆರೆ ಆ ಜಾಗದಲ್ಲಿ ಸಣ್ಣಗೆ ಬಾಗುತ್ತದೆ, ಮುಳ್ಳು ಸುಮ್ಮನೆ ಅತ್ತಿತ್ತ ಆಡುತ್ತದೆ. ಗ್ಲೈಡ್ ಪಾತ್ ಇನ್ನೂ ಸೂಕ್ಷ್ಮ. ಅದರ ಬಹುತೇಕ ಮಾದರಿಗಳು ತಮ್ಮ ಮುಂದಿನ ನೆಲದ ಪ್ರತಿಫಲನವನ್ನೇ ಬಳಸಿಕೊಂಡು ಇಳಿಜಾರನ್ನು ರೂಪಿಸುವುದರಿಂದ, ಆ ನೆಲ ಸಮತಟ್ಟಾಗಿರಬೇಕು, ಹುಲ್ಲು ಕತ್ತರಿಸಿರಬೇಕು, ನೀರು ನಿಲ್ಲಬಾರದು. ವಿಮಾನ ಮೋಡದಲ್ಲಿ ಇಳಿಯುತ್ತಿರುವಾಗ ಆ ಆಂಟೆನಾದ ಮುಂದೆ ಒಂದು ಜೀಪು ನಿಲ್ಲುವುದಕ್ಕೂ ನಿಷೇಧವಿದೆ.

ಉಪಕರಣದ ಪಕ್ಕದಲ್ಲೇ ಅದನ್ನು ಕಾಯುವ ಮಾನಿಟರ್ ಇರುತ್ತದೆ. ಸಂಕೇತ ಮಿತಿ ಮೀರಿದರೆ ಕೆಲವೇ ಸೆಕೆಂಡುಗಳಲ್ಲಿ ಟ್ರಾನ್ಸ್‌ಮಿಟರನ್ನು ಬಂದ್ ಮಾಡುತ್ತದೆ. ತಪ್ಪು ದಾರಿ ತೋರಿಸುವುದಕ್ಕಿಂತ ಸುಮ್ಮನಿರುವುದೇ ಮೇಲೆಂಬ ತತ್ವ ಅದು. ಆದರೆ ಈ ಮಾನಿಟರ್ ನೋಡುವುದು ಆಂಟೆನಾದ ಸಮೀಪದ ಸಂಕೇತವನ್ನು ಮಾತ್ರ. ಐದು ಕಿಲೋಮೀಟರ್ ಆಚೆಯ ಹೊಸ ಗೋದಾಮಿನಿಂದ ಆಕಾಶದಲ್ಲಿ ಗೆರೆ ಬಾಗಿದ್ದು ಅದರ ಗಮನಕ್ಕೆ ಬರುವುದೇ ಇಲ್ಲ. ಅದು ತಿಳಿಯುವುದು ವಿಮಾನ ನಿಲ್ದಾಣ ಪ್ರಾಧಿಕಾರದ ತಪಾಸಣಾ ವಿಮಾನ ದೆಹಲಿಯ ಸಫ್ದರ್‌ಜಂಗ್‌ನಿಂದ ಬಂದು, ಅದೇ ದಾರಿಯಲ್ಲಿ ಮತ್ತೆ ಮತ್ತೆ ಹಾರಿ ಅಳತೆ ತೆಗೆದಾಗ, ಇಲ್ಲವೇ ಪೈಲಟ್‌ಗಳು ದೂರು ಕೊಟ್ಟಾಗ. ಅಷ್ಟರಲ್ಲಿ ಗೋದಾಮಿಗೆ ಬಾಡಿಗೆದಾರರು ಬಂದು, ಬ್ಯಾಂಕಿನ ಸಾಲದ ಕಂತು ಶುರುವಾಗಿರುತ್ತದೆ. ಕೆಡವುವವರಾರು? ಆದ್ದರಿಂದ ತಡೆಯಬೇಕಾದದ್ದು ನಕಾಶೆ ಮಂಜೂರಾಗುವ ಮೇಜಿನ ಮೇಲೆಯೇ.

ಇದಕ್ಕೆ ಕಾನೂನು ಇಲ್ಲವೆಂದಲ್ಲ. ವಿಮಾನಯಾನ ಸಚಿವಾಲಯ 2015ರಲ್ಲಿ ಹೊರಡಿಸಿದ ಎತ್ತರ ನಿರ್ಬಂಧ ನಿಯಮಗಳ ಪ್ರಕಾರ, ನಿಲ್ದಾಣದ ಸುತ್ತಲಿನ ಪ್ರದೇಶವನ್ನು ಬಣ್ಣಗಳಲ್ಲಿ ವಿಂಗಡಿಸಿದ ನಕಾಶೆಯನ್ನು ವಿಮಾನ ನಿಲ್ದಾಣ ಪ್ರಾಧಿಕಾರ ತಯಾರಿಸಿ ಸ್ಥಳೀಯ ಸಂಸ್ಥೆಗಳಿಗೆ ಕೊಡುತ್ತದೆ. ಒಂದೊಂದು ಬಣ್ಣದ ವಲಯದಲ್ಲಿ ಇಂತಿಷ್ಟು ಎತ್ತರದವರೆಗೆ ಪಾಲಿಕೆಯೇ ಅನುಮತಿ ಕೊಡಬಹುದು. ಅದಕ್ಕಿಂತ ಹೆಚ್ಚಿದ್ದರೆ ಪ್ರಾಧಿಕಾರದ ನಿರಾಕ್ಷೇಪಣಾ ಪತ್ರ ಬೇಕು. ಅರ್ಜಿ ಹಾಕುವುದು ಆನ್‌ಲೈನ್‌ನಲ್ಲಿ. ತೊಡಕಿರುವುದು ಆಚರಣೆಯಲ್ಲಿ. ನಮ್ಮಲ್ಲಿ ನಕಾಶೆಯಲ್ಲಿ ಮೂರು ಅಂತಸ್ತು ತೋರಿಸಿ ನಾಲ್ಕನೆಯದನ್ನು ತಗಡಿನಲ್ಲಿ ಏರಿಸುವುದು, ಅದರ ಮೇಲೆ ನೀರಿನ ಟಾಕಿ, ಟಾಕಿಯ ಮೇಲೆ ಮೊಬೈಲ್ ಟವರ್ ನಿಲ್ಲಿಸುವುದು ಸಾಮಾನ್ಯ ರೂಢಿ. ಸಮುದ್ರ ಮಟ್ಟದಿಂದ ಎಷ್ಟು ಎತ್ತರ ಎಂದು ಲೆಕ್ಕ ಹಾಕಬೇಕಾದ ಕಡೆ ನೆಲದಿಂದ ಎಷ್ಟು ಎಂದು ಬರೆದರೆ, ದಿಬ್ಬದ ಮೇಲಿನ ಎರಡು ಅಂತಸ್ತಿನ ಮನೆ ತಗ್ಗಿನ ಐದು ಅಂತಸ್ತಿನ ಕಟ್ಟಡಕ್ಕಿಂತ ಹೆಚ್ಚು ಅಡ್ಡಿಯಾದೀತು. ಹುಬ್ಬಳ್ಳಿಯ ಏರಿಳಿತದ ನೆಲದಲ್ಲಿ ಇದು ಪುಸ್ತಕದ ಮಾತಲ್ಲ. ನಮ್ಮ ರನ್‌ವೇ ಪೂರ್ವ–ಪಶ್ಚಿಮವಾಗಿ ಚಾಚಿರುವುದರಿಂದ, ಆ ಎರಡೂ ದಿಕ್ಕಿನ ಗೆರೆಯಲ್ಲಿ ಬರುವ ಹೊಸ ಲೇಔಟು, ಕೈಗಾರಿಕಾ ಶೆಡ್ಡುಗಳ ಬಗ್ಗೆ ವಿಶೇಷ ಎಚ್ಚರ ಬೇಕು. ಎತ್ತರ ಮಿತಿಯೊಳಗಿದ್ದರೂ ಗೋಡೆ ಯಾವ ದಿಕ್ಕಿಗೆ ಮುಖ ಮಾಡಿದೆ, ಯಾವುದರಿಂದ ಮಾಡಿದ್ದು ಎಂಬುದೂ ಲೆಕ್ಕಕ್ಕೆ ಬರಬೇಕು.

ಗದಗ ಜಿಲ್ಲೆಯ ಗುಡ್ಡಗಳ ಗಾಳಿಯಂತ್ರಗಳಿಂದ ತೊಂದರೆಯಿಲ್ಲವೇ ಎಂದು ಹಳೆಯ ವಿದ್ಯಾರ್ಥಿಯೊಬ್ಬ ಕೇಳಿದ್ದ. ಪ್ರಶ್ನೆ ಚೆನ್ನಾಗಿದೆ, ತಿರುಗುವ ರೆಕ್ಕೆಗಳು ವಿಒಆರ್ ಸಂಕೇತವನ್ನು ನಿಜಕ್ಕೂ ಕೆಡಿಸಬಲ್ಲವು. ಆದರೆ ಯುರೋಪಿನ ಮಾರ್ಗಸೂಚಿ ಪರಿಶೀಲನೆಗೆ ಗುರುತಿಸಿರುವುದು ಕೇಂದ್ರದಿಂದ 15 ಕಿಲೋಮೀಟರ್ ಒಳಗಿನ ಯಂತ್ರಗಳನ್ನು. ಗದಗ ಆ ಲೆಕ್ಕದಲ್ಲಿ ಬಹಳ ದೂರ. ನಾವು ಚಿಂತಿಸಬೇಕಾದದ್ದು ಗೋಕುಲ ಗ್ರಾಮದ ಸುತ್ತಮುತ್ತಲಿನ ನೆಲದ ಬಗ್ಗೆ.

ಮೊಬೈಲ್ ಗೋಪುರಗಳ ವಿಚಾರದಲ್ಲಿ ಕೇಂದ್ರ ಸರ್ಕಾರವೇ ಒಮ್ಮೆ ಎಚ್ಚರ ವಹಿಸಿದೆ. 5ಜಿ ಸೇವೆಯ 3.3ರಿಂದ 3.67 ಗಿಗಾಹರ್ಟ್ಸ್ ಕಂಪನಾಂಕ ಪಟ್ಟಿಯು, ವಿಮಾನ ತನ್ನ ಕೆಳಗಿನ ನೆಲದ ಎತ್ತರ ಅಳೆಯುವ ರೇಡಿಯೊ ಆಲ್ಟಿಮೀಟರಿನ 4.2–4.4 ಗಿಗಾಹರ್ಟ್ಸ್‌ಗೆ ನೆರೆಯದು. ಹಾಗಾಗಿ 2022ರ ನವೆಂಬರ್‌ನಲ್ಲಿ ದೂರಸಂಪರ್ಕ ಇಲಾಖೆ ಬೆಂಗಳೂರು ಸೇರಿ ಐದು ನಿಲ್ದಾಣಗಳಲ್ಲಿ, ರನ್‌ವೇ ತುದಿಗಳಿಂದ 2,100 ಮೀಟರ್ ಮತ್ತು ನಡುಗೆರೆಯಿಂದ 910 ಮೀಟರ್ ಒಳಗೆ ಆ ಪಟ್ಟಿಯ ಗೋಪುರಗಳನ್ನು ನಿಲ್ಲಿಸಬಾರದೆಂದು ಕಂಪನಿಗಳಿಗೆ ಸೂಚಿಸಿತು. ಆ ಐದರ ಪಟ್ಟಿಯಲ್ಲಿ ಹುಬ್ಬಳ್ಳಿ ಇರಲಿಲ್ಲ.

ಇನ್ನು ಮಾತಿನ ರೇಡಿಯೊ. ಪೈಲಟ್ ಮತ್ತು ವಿಮಾನ ಸಂಚಾರ ನಿಯಂತ್ರಿಸುವ ಎಟಿಸಿ ಗೋಪುರದ ನಡುವಿನ ಸಂಭಾಷಣೆ 118ರಿಂದ 137 ಮೆಗಾಹರ್ಟ್ಸ್ ನಡುವೆ, ಇಂದಿಗೂ ಹಳೆಯ ಎಎಂ ಪದ್ಧತಿಯಲ್ಲಿಯೇ ನಡೆಯುತ್ತದೆ. ಎಫ್‌ಎಂನಲ್ಲಿ ದನಿ ಸೊಗಸಾಗಿದ್ದರೂ, ಇಬ್ಬರು ಒಟ್ಟಿಗೆ ಮಾತನಾಡಿದರೆ ಬಲವಾದ ಸಂಕೇತ ಇನ್ನೊಂದನ್ನು ಪೂರ್ತಿ ನುಂಗಿಬಿಡುತ್ತದೆ. ಎಎಂನಲ್ಲಿ ಕನಿಷ್ಠ ಒಂದು ಕಿರುಗುಟ್ಟುವ ಸದ್ದಾದರೂ ಕೇಳಿ, ಯಾರೋ ಅಡ್ಡ ಬಂದರೆಂದು ತಿಳಿಯುತ್ತದೆ. ತಿಳಿದರೂ ಸಾಲದೆಂಬುದಕ್ಕೆ ಸ್ಪೇನಿನ ಟೆನೆರಿಫ್ ದ್ವೀಪದಲ್ಲಿ 1977ರ ಮಾರ್ಚ್ 27ರಂದು ನಡೆದ ದುರಂತವಿದೆ. ‘ಕಾಯಿರಿ, ಕರೆಯುತ್ತೇನೆ’ ಎಂಬ ಗೋಪುರದ ಮಾತೂ, ‘ನಾವಿನ್ನೂ ರನ್‌ವೇ ಮೇಲಿದ್ದೇವೆ’ ಎಂಬ ಇನ್ನೊಂದು ವಿಮಾನದ ಮಾತೂ ಒಂದೇ ಕ್ಷಣದಲ್ಲಿ ಹೊರಟು, ಓಡಲು ಶುರುಮಾಡಿದ್ದ ವಿಮಾನದ ಕಾಕ್‌ಪಿಟ್ಟಿನಲ್ಲಿ ಅವೆರಡರ ಮೇಲೂ ಕಿರುಗುಟ್ಟುವ ಸದ್ದು ಕವಿಯಿತು. ಮಂಜಿನಲ್ಲಿ ಎರಡು ಜಂಬೋ ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತರು. ಗೋಪುರ ಕೊಟ್ಟ ಸೂಚನೆಯನ್ನು ಪೈಲಟ್ ಚಾಚೂ ತಪ್ಪದೆ ಮರಳಿ ಒಪ್ಪಿಸಬೇಕೆಂಬ ಶಿಸ್ತು, ನಿಜವಾದ ಅನುಮತಿ ಕೊಡುವಾಗಲ್ಲದೆ ‘ಟೇಕ್ ಆಫ್’ ಎಂಬ ಪದವನ್ನೇ ಬಳಸಬಾರದೆಂಬ ನಿಯಮ ಬಿಗಿಯಾದದ್ದು ಆಮೇಲೆ. ನಮ್ಮ ದೇಶದಲ್ಲೂ 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಎರಡು ವಿಮಾನಗಳು ಗಾಳಿಯಲ್ಲೇ ಡಿಕ್ಕಿಯಾಗಿ 349 ಜನ ಸತ್ತಾಗ, ನಿಗದಿಪಡಿಸಿದ ಎತ್ತರದ ಸೂಚನೆಯನ್ನು ಒಂದು ವಿಮಾನದ ಸಿಬ್ಬಂದಿ ಸರಿಯಾಗಿ ಗ್ರಹಿಸದೆ ಅದಕ್ಕಿಂತ ಕೆಳಗಿಳಿದದ್ದೇ ತನಿಖೆಯ ಕೇಂದ್ರದಲ್ಲಿತ್ತು.

ಲೋಕಲೈಸರ್‌ನ ಕಂಪನಾಂಕ ಪಟ್ಟಿಯ ಕೆಳಗಿನ ನೆರೆಯಲ್ಲಿಯೇ, 108 ಮೆಗಾಹರ್ಟ್ಸ್‌ವರೆಗೆ, ಎಫ್‌ಎಂ ಪ್ರಸಾರವಿದೆ. ಪರವಾನಗಿಯಿಲ್ಲದೆ ಜೋಡಿಸಿದ ಅಗ್ಗದ ಎಫ್‌ಎಂ ಟ್ರಾನ್ಸ್‌ಮಿಟರ್, ಸರಿಯಾದ ಫಿಲ್ಟರ್ ಇಲ್ಲದಿದ್ದರೆ, ಲೋಕಲೈಸರ್ ಕಂಪನಾಂಕಕ್ಕೆ ಸೋರುತ್ತದೆ. ಆನ್‌ಲೈನಿನಲ್ಲಿ ತರಿಸಿದ ವಾಕಿಟಾಕಿಗಳನ್ನು ಮೆರವಣಿಗೆ, ಮದುವೆ, ಜಾತ್ರೆಗಳ ವ್ಯವಸ್ಥಾಪಕರು ಕೈಯಲ್ಲಿ ಹಿಡಿದು ಓಡಾಡುವುದನ್ನು ಈಗ ಎಲ್ಲೆಡೆ ಕಾಣುತ್ತೇವೆ. ಅನುಮತಿ ಪಡೆಯದ ಇಂಥ ಸೆಟ್ಟುಗಳ ಮಾರಾಟದ ಬಗ್ಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2025ರ ಮೇ ತಿಂಗಳಲ್ಲಿ ಮಾರಾಟ ತಾಣಗಳಿಗೆ ನೋಟಿಸ್ ಕೊಟ್ಟದ್ದು ಸುಮ್ಮನೆ ಅಲ್ಲ.

‘ಈಗ ಉಪಗ್ರಹವಿದೆಯಲ್ಲ, ನೆಲದ ಆಂಟೆನಾ ಯಾಕೆ’ ಎಂಬ ಆಕ್ಷೇಪವೂ ಬರಬಹುದು. ಇಸ್ರೋ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ರೂಪಿಸಿದ ಗಗನ್ ವ್ಯವಸ್ಥೆ ಜಿಪಿಎಸ್ ಸಂಕೇತದ ದೋಷವನ್ನು ತಿದ್ದಿ, ನೆಲದ ಮೇಲೆ ಐಎಲ್‌ಎಸ್ ಇಲ್ಲದ ಊರಿನಲ್ಲೂ ಇಳಿಜಾರಿನ ಮಾರ್ಗದರ್ಶನ ಕೊಡಬಲ್ಲದು. 2022ರ ಏಪ್ರಿಲ್‌ನಲ್ಲಿ ರಾಜಸ್ಥಾನದ ಕಿಶನ್‌ಗಢದಲ್ಲಿ ಎಟಿಆರ್ ವಿಮಾನವೊಂದು ಅದನ್ನು ಬಳಸಿ ಇಳಿಯಿತು. ಸಣ್ಣ ನಿಲ್ದಾಣಗಳಿಗೆ ಇದು ವರವೇ ಸರಿ, ಸಂದೇಹವಿಲ್ಲ. ಆದರೆ ಇಪ್ಪತ್ತು ಸಾವಿರ ಕಿಲೋಮೀಟರ್ ದೂರದಿಂದ ಬರುವ ಜಿಪಿಎಸ್ ಸಂಕೇತ ಅತಿ ಕ್ಷೀಣ. ಅದನ್ನು ಮುಚ್ಚಿಹಾಕುವುದೂ, ಸುಳ್ಳು ಸಂಕೇತ ಕಳಿಸಿ ಯಾಮಾರಿಸುವುದೂ ಸುಲಭ. 2023ರ ನವೆಂಬರ್‌ನಲ್ಲಿ ವಿಮಾನಯಾನ ನಿಯಂತ್ರಕ ಸಂಸ್ಥೆಯಾದ ಡಿಜಿಸಿಎ ಈ ಬಗ್ಗೆ ಸುತ್ತೋಲೆ ಹೊರಡಿಸಿತು. 2025ರ ಡಿಸೆಂಬರ್‌ನಲ್ಲಿ ಸಚಿವರು ಸಂಸತ್ತಿಗೆ ಕೊಟ್ಟ ಉತ್ತರದಲ್ಲಿ, ಇಂಥ ಅಡಚಣೆ ವರದಿಯಾದ ಊರುಗಳ ಸಾಲಿನಲ್ಲಿ ದೆಹಲಿಯ ಜೊತೆ ಬೆಂಗಳೂರೂ ಇತ್ತು. ಆದ್ದರಿಂದಲೇ ನೆಲದ ಉಪಕರಣಗಳ ಕನಿಷ್ಠ ಜಾಲವೊಂದನ್ನು ಉಳಿಸಿಕೊಳ್ಳಲಾಗಿದೆ. ಉಪಗ್ರಹ ಬಂತೆಂದು ಆಂಟೆನಾದ ಮುಂದಿನ ಜಾಗವನ್ನು ಸೈಟು ಮಾಡಿ ಹಂಚುವಂತಿಲ್ಲ.

ನೆಲದ ಒಂದು ಉಪಕರಣ ಕೆಟ್ಟರೆ ಅದರ ಭಾರ ಎಲ್ಲಿಗೆ ಹೋಗುತ್ತದೆಂಬುದನ್ನು ತಿಳಿಯಲು ನಮ್ಮ ರಾಜ್ಯದಾಚೆ ಹೋಗಬೇಕಿಲ್ಲ. 2010ರ ಮೇ 22ರಂದು ಮಂಗಳೂರಿನಲ್ಲಿ 158 ಜನ ಸತ್ತ ದುರಂತಕ್ಕೆ ಎರಡು ದಿನ ಮೊದಲಿನಿಂದ ಅಲ್ಲಿನ ರಾಡಾರ್ ಕೆಲಸ ಮಾಡುತ್ತಿರಲಿಲ್ಲ. ರಾಡಾರ್ ಇಲ್ಲದ ಪದ್ಧತಿಯಲ್ಲಿ ವಿಮಾನಕ್ಕೆ ಕೆಳಗಿಳಿಯುವ ಅನುಮತಿ ತಡವಾಗಿ ಸಿಕ್ಕಿತು. ಅದು ಇರಬೇಕಾದ ಎತ್ತರಕ್ಕಿಂತ ಬಹಳ ಮೇಲೆಯೇ ರನ್‌ವೇ ಸಮೀಪಿಸಿತು. ಅಪಘಾತಕ್ಕೆ ನೇರ ಕಾರಣ, ತಪ್ಪಾದ ಇಳಿಯುವಿಕೆಯನ್ನು ಕ್ಯಾಪ್ಟನ್ ಕೈಬಿಡದಿದ್ದದ್ದು ಎಂದು ತನಿಖಾ ನ್ಯಾಯಾಲಯ ಹೇಳಿದೆ. ‘ಗೋ ಅರೌಂಡ್’ ಎಂದು ಸಹ ಪೈಲಟ್ ಕರೆದದ್ದೂ ದಾಖಲೆಯಲ್ಲಿದೆ. ಅದನ್ನು ಓದಿದವರು ಹುಬ್ಬಳ್ಳಿಯ ಮೇಲೆ ಸುತ್ತು ಹಾಕಿ ಮರಳಿಹೋದ ಪೈಲಟ್‌ನನ್ನು ಬೈಯಲಾರರು. ನಮ್ಮಲ್ಲಿಯೇ 2015ರ ಮಾರ್ಚ್ 8ರಂದು ಮಳೆಯಲ್ಲಿ ನೆಲ ಮುಟ್ಟಿದ ವಿಮಾನ ರನ್‌ವೇಯಿಂದ ಪಕ್ಕಕ್ಕೆ ಸರಿದುಹೋಗಿತ್ತು. ಪುಣ್ಯಕ್ಕೆ ಎಲ್ಲರೂ ಪಾರಾದರು.

ಸಂಬಂಧಪಟ್ಟವರಲ್ಲಿ ನನ್ನ ವಿನಂತಿ ಇಷ್ಟು. ನಿಲ್ದಾಣದ ಸುತ್ತಲಿನ ಬಣ್ಣದ ವಲಯ ನಕಾಶೆಯನ್ನು ಪಾಲಿಕೆಯ ವಲಯ ಕಚೇರಿಗಳಲ್ಲಿಯೂ ಸುತ್ತಲಿನ ಗ್ರಾಮ ಪಂಚಾಯಿತಿಗಳಲ್ಲಿಯೂ, ಸರ್ವೆ ನಂಬರುಗಳ ಸಮೇತ, ಕನ್ನಡದಲ್ಲಿ ತೂಗುಹಾಕಬೇಕು. ನಿವೇಶನ ಕೊಳ್ಳುವವನಿಗೆ ತನ್ನ ಜಾಗ ಯಾವ ಬಣ್ಣದಲ್ಲಿದೆಯೆಂದು ಮೊದಲೇ ತಿಳಿದರೆ, ದುಡ್ಡು ಸುರಿದ ಮೇಲೆ ನೋಟಿಸ್ ಹಿಡಿದು ಅಲೆಯುವ ಪಾಡು ತಪ್ಪುತ್ತದೆ. ಕಟ್ಟಡ ಮುಗಿದ ಪ್ರಮಾಣಪತ್ರ ಕೊಡುವ ಮುನ್ನ, ಟಾಕಿ ಮತ್ತು ಟವರ್ ಸೇರಿಸಿ ತುದಿಯ ಎತ್ತರವನ್ನು ಸ್ಥಳದಲ್ಲಿಯೇ ಅಳೆಯಬೇಕು. ಸಂಸದರ ಅಧ್ಯಕ್ಷತೆಯ ವಿಮಾನ ನಿಲ್ದಾಣ ಸಲಹಾ ಸಮಿತಿಯು ಪಾರ್ಕಿಂಗ್, ಕ್ಯಾಂಟೀನು, ಹೊಸ ಮಾರ್ಗಗಳ ಜೊತೆಗೆ, ಕಳೆದ ಅವಧಿಯಲ್ಲಿ ಯಾವ ಉಪಕರಣ ಎಷ್ಟು ಹೊತ್ತು ಸೇವೆಯಲ್ಲಿರಲಿಲ್ಲ, ಸುತ್ತಲಿನ ಎಷ್ಟು ಅಡೆತಡೆಗಳು ತೆರವಾಗಿಲ್ಲ ಎಂಬ ವರದಿಯನ್ನೂ ಕೇಳಿ ಪಡೆಯಬೇಕು. ಉಪಕರಣ ಕೆಟ್ಟಾಗ ಪೈಲಟ್‌ಗಳಿಗೆ ನೋಟಾಮ್ ಎಂಬ ಸೂಚನೆ ಹೋಗುತ್ತದೆ. ಪ್ರಯಾಣಿಕರಿಗೆ ಹೋಗುವುದು ‘ತಾಂತ್ರಿಕ ಕಾರಣ’ ಎಂಬ ಎರಡು ಪದಗಳು ಮಾತ್ರ. ‘ಈಗ ಗೋಚರತೆ ಇಷ್ಟು ಮೀಟರ್, ಇಳಿಯಲು ಬೇಕಾದದ್ದು ಇಷ್ಟು’ ಎಂದು ಟರ್ಮಿನಲ್‌ನ ಫಲಕದಲ್ಲಿ ಕನ್ನಡದಲ್ಲಿ ಬರೆದರೆ, ಕಾದು ಕೂತವರ ಅರ್ಧ ಸಿಟ್ಟು ಅಲ್ಲೇ ಇಳಿಯುತ್ತದೆ. ಮುಂದಿನ ಮಳೆಗಾಲಕ್ಕೆ ಮೊದಲು ಇವುಗಳಲ್ಲಿ ನಕಾಶೆಯ ಕೆಲಸವಾದರೂ ಆಗಲೆಂದು ಪಾಲಿಕೆಯ ಆಯುಕ್ತರನ್ನೂ ಜಿಲ್ಲಾಧಿಕಾರಿಗಳನ್ನೂ ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಎಲೆಕ್ಟ್ರಾನಿಕ್ಸ್ ಉಪನ್ಯಾಸಕ,
ಗೋಕುಲ ರಸ್ತೆ, ಹುಬ್ಬಳ್ಳಿ